ಜೀವ ಉಳಿಸುವ ಹೊಣೆ ಯಾರದು?

ಪ್ರತಿ ವರ್ಷ ಸೆಪ್ಟೆಂಬರ್ 10ನೆಯ ತಾರೀಖನ್ನು ಆತ್ಮಹತ್ಯೆ ತಡೆಯುವ ದಿನವೆಂದು ಜಗತ್ತಿನಾದ್ಯಂತ ಆಚರಿಸುತ್ತಾರೆ. 2003ರಲ್ಲಿ ಮೊದಲಾದ ಈ ಪದ್ಧತಿಯನ್ನು ನಮ್ಮ ಸರಕಾರಿ ಕಚೇರಿಗಳೂ ಪಾಲಿಸುತ್ತ ಬಂದಿವೆ. ಅಂದು ಮೆರವಣಿಗೆ ಹೊರಡುತ್ತದೆ, ಶಾಲೆಯ ಮಕ್ಕಳು ಬಿಸಿಲಿನಲ್ಲಿ ಫಲಕ ಹಿಡಿದು ನಡೆಯುತ್ತಾರೆ, ಅಧಿಕಾರಿಗಳು ಪ್ರತಿಜ್ಞೆ ಬೋಧಿಸುತ್ತಾರೆ, ಚಹಾ ಬಿಸ್ಕೀಟು ಹಂಚಿ ಸಭೆ ಮುಗಿಯುತ್ತದೆ. ಮರುದಿನ ಬೆಳಗಿನ ಪಾಳಿಯ ಸೀಟಿ ಎಂದಿನಂತೆ ಕೂಗುತ್ತದೆ. ಸಾಲ ಕೊಟ್ಟವನು ಎಂದಿನಂತೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಮೆರವಣಿಗೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ವರ್ಷದ ಉಳಿದ 364 ದಿನ ಈ ಕೆಲಸ ಯಾರ ಮೇಜಿನ ಮೇಲಿರುತ್ತದೆ ಎಂದು ಕೇಳುವ ಹಕ್ಕು ಜನರಿಗಿದೆ. ಆ ಪ್ರಶ್ನೆಯನ್ನು ಈ ವಾರ ನಾವು ಕೇಳುತ್ತಿದ್ದೇವೆ.

ಮೊದಲು ಲೆಕ್ಕವನ್ನು ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ವರದಿಯಂತೆ 2022ರಲ್ಲಿ ಭಾರತದಲ್ಲಿ 1,70,924 ಜನ ಆತ್ಮಹತ್ಯೆಯಿಂದ ತೀರಿಕೊಂಡರು. ಕರ್ನಾಟಕದಲ್ಲಿ ಆ ವರ್ಷ ತೀರಿಕೊಂಡವರು 13,606. ಎಂದರೆ ದಿನಕ್ಕೆ 37 ಜನ. ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶಗಳ ನಂತರ ನಾಲ್ಕನೆಯ ಸ್ಥಾನ ನಮ್ಮದು. ಸತ್ತವರು ಯಾರು? ದೇಶದ ಒಟ್ಟು ಲೆಕ್ಕದಲ್ಲಿ ಶೇಕಡ 26.4 ಜನ ದಿನಗೂಲಿಯವರು. ನಾಲ್ವರಲ್ಲಿ ಒಬ್ಬರಿಗಿಂತಲೂ ಹೆಚ್ಚು. ಸ್ವಂತ ದುಡಿಮೆಯವರು, ಎಂದರೆ ಸಣ್ಣ ಅಂಗಡಿ, ಸಣ್ಣ ವ್ಯಾಪಾರ, ಸಣ್ಣ ಕಸುಬಿನವರು, ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು. ಮನೆವಾರ್ತೆ ನೋಡಿಕೊಳ್ಳುವ ಹೆಂಗಸರು ಶೇಕಡ 14.8. ವರ್ಷದ ಆದಾಯ ಒಂದು ಲಕ್ಷ ರೂಪಾಯಿಗಿಂತ ಕಡಿಮೆ ಇದ್ದವರು ಶೇಕಡ 64.3. ಈ ಅಂಕಿಗಳಲ್ಲಿ ದೂರದವರು ಯಾರೂ ಇಲ್ಲ. ಇದು ನಮ್ಮ ಓಣಿಯ, ನಮ್ಮ ಪಾಳಿಯ, ನಮ್ಮ ಸಂತೆಯ ಲೆಕ್ಕ.

ಆದುದರಿಂದ ಇದು ವೈದ್ಯರು ಮಾತ್ರ ಚರ್ಚಿಸಬೇಕಾದ ವಿಷಯ, ರಾಜಕೀಯ ಪತ್ರಿಕೆಗೆ ಇದರಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾವು ಒಪ್ಪುವುದಿಲ್ಲ. ಕಾರ್ಲ್ ಮಾರ್ಕ್ಸ್ ತನ್ನ 28ನೆಯ ವಯಸ್ಸಿಗೆ ಕಾಲಿಡುವ ಮೊದಲೇ, 1846ರಲ್ಲಿ, ಪ್ಯಾರಿಸ್ ಪೊಲೀಸ್ ದಫ್ತರದ ಅಧಿಕಾರಿಯೊಬ್ಬನ ಬರಹವನ್ನು ಆಧರಿಸಿ ಆತ್ಮಹತ್ಯೆಯ ಬಗ್ಗೆ ಲೇಖನ ಬರೆದಿದ್ದ. 1897ರಲ್ಲಿ ಫ್ರಾನ್ಸಿನ ಎಮಿಲ್ ದುರ್ಖೈಮ್ ಇದೇ ವಿಷಯದ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಬರೆದ. ಒಬ್ಬ ಮನುಷ್ಯನ ಸಾವು ಅವನೊಬ್ಬನ ಮನಸ್ಸಿನ ಒಳಗೇ ಹುಟ್ಟಿ ಅಲ್ಲೇ ಮುಗಿಯುವುದಿಲ್ಲ, ಅದರಲ್ಲಿ ಸಮಾಜದ ಕೈವಾಡವಿದೆ ಎಂಬುದು ಹೊಸ ಮಾತಲ್ಲ.

ಆದರೆ ನಮ್ಮ ಪಾಳೆಯದಲ್ಲಿಯೇ ಇರುವ ಒಂದು ತಪ್ಪು ತಿಳುವಳಿಕೆಯನ್ನೂ ಇಲ್ಲಿ ಹೇಳಿಬಿಡಬೇಕು. ಬಡತನ ಹೋದರೆ ಎಲ್ಲ ಸರಿಹೋಗುತ್ತದೆ, ಅಲ್ಲಿಯತನಕ ಮನಸ್ಸಿನ ಕಾಯಿಲೆ, ಸಮಾಧಾನದ ಮಾತು ಎಂಬುದೆಲ್ಲ ಉಳ್ಳವರ ಷೋಕಿ ಎಂದು ಹೇಳುವ ಸಂಗಾತಿಗಳಿದ್ದಾರೆ. ಇದು ಸರಿಯಲ್ಲ. ಖಿನ್ನತೆ ಎಂಬುದು ಕ್ಷಯದಂತೆ, ಮಧುಮೇಹದಂತೆ ಒಂದು ಕಾಯಿಲೆ, ಅದಕ್ಕೆ ಔಷಧವಿದೆ. ಕ್ಷಯಕ್ಕೂ ಬಡತನಕ್ಕೂ ಸಂಬಂಧವಿದೆಯೆಂದು ಕ್ಷಯರೋಗಿಗೆ ಔಷಧ ಕೊಡದೆ ಕ್ರಾಂತಿಯ ತನಕ ಕಾಯಿರಿ ಎನ್ನುತ್ತೇವೆಯೆ? ಕೂಲಿಯೂ ಬೇಕು, ಔಷಧವೂ ಬೇಕು. ಇನ್ನೊಂದು ಕಡೆಗೆ ಸರಕಾರದ ತಪ್ಪು ಇದಕ್ಕಿಂತ ದೊಡ್ಡದು. ಅದರ ದಾಖಲೆಯಲ್ಲಿ 2022ರ ಸಾವುಗಳ ಪೈಕಿ ಶೇಕಡ 31.7ಕ್ಕೆ ಕಾರಣ ‘ಕೌಟುಂಬಿಕ ಸಮಸ್ಯೆ’. ಠಾಣೆಯ ಕಾಗದದಲ್ಲಿ ಆ ಎರಡು ಪದ ಬರೆದರೆ ಕಡತ ಮುಚ್ಚಿಹೋಗುತ್ತದೆ. ಆ ಕುಟುಂಬದಲ್ಲಿ ಜಗಳ ಎಬ್ಬಿಸಿದ್ದು ಮೂರು ತಿಂಗಳ ಬಾಕಿ ಪಗಾರವೋ, ವಾರದ ಕಂತೋ, ಕುಡಿತವೋ, ಆಸ್ಪತ್ರೆಯ ಬಿಲ್ಲೋ, ಹೆಣ್ಣುಮಗಳ ಮೇಲಿನ ಹೊಡೆತವೋ ಎಂದು ಕೇಳುವ ಅಂಕಣ ಆ ಕಾಗದದಲ್ಲಿ ಇಲ್ಲ.

ಈ ಕೆಲಸದಲ್ಲಿ ಕರ್ನಾಟಕವೇನೂ ಬರಿಗೈಯಲ್ಲಿಲ್ಲ. ನ್ಯಾಯವಾಗಿ ನೋಡಿದರೆ ದೇಶಕ್ಕೇ ದಾರಿ ತೋರಿಸಿದ್ದು ನಮ್ಮ ನಾಡು. ಮನೋರೋಗಕ್ಕೆ ಚಿಕಿತ್ಸೆ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಮಾತ್ರ ಸಾಧ್ಯವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1985ರಿಂದ 1990ರವರೆಗೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಬೇಕಾದ ಔಷಧವನ್ನು ಅಲ್ಲಿಗೇ ಮುಟ್ಟಿಸಿ, ಹಳ್ಳಿಯ ರೋಗಿ ತನ್ನ ಹೋಬಳಿಯಲ್ಲಿಯೇ ಚಿಕಿತ್ಸೆ ಪಡೆಯಬಹುದೆಂದು ತೋರಿಸಿದರು. 1996ರಲ್ಲಿ ಭಾರತ ಸರಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಈ ಬಳ್ಳಾರಿಯ ಮಾದರಿಯ ಮೇಲೆಯೇ ನಿಂತದ್ದು. ಮುಂದೆ ನಮ್ಮ ರಾಜ್ಯ ಸರಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರದಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಕಳುಹಿಸುವ ಕ್ರಮವನ್ನು ಜಾರಿಗೆ ತಂದಿತು. 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆ ಆರಂಭವಾಯಿತು. ಅದಕ್ಕೂ ನಿಮ್ಹಾನ್ಸೇ ಕೇಂದ್ರಸ್ಥಾನ. 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಿ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು, ಕಾಸು ಕೊಡಬೇಕಾಗಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿಯನ್ನು ಪ್ರಕಟಿಸಿತು. 2020ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ಇಂಥ ಸಾವುಗಳನ್ನು ಶೇಕಡ 10ರಷ್ಟು ಇಳಿಸಬೇಕೆಂಬುದು ಅದರ ಗುರಿ. ಮೂರು ವರ್ಷದೊಳಗೆ ಸಾವು ಮತ್ತು ಪ್ರಯತ್ನಗಳ ಮೇಲೆ ನಿಗಾ ಇಡುವ ಸಮರ್ಥ ವ್ಯವಸ್ಥೆ, ಐದು ವರ್ಷದೊಳಗೆ ಎಲ್ಲ ಜಿಲ್ಲೆಗಳಲ್ಲಿಯೂ ಮನೋವೈದ್ಯಕೀಯ ಹೊರರೋಗಿ ವಿಭಾಗದ ಮೂಲಕ ತಡೆಯ ಸೇವೆ, ಎಂಟು ವರ್ಷದೊಳಗೆ ಎಲ್ಲ ವಿದ್ಯಾಸಂಸ್ಥೆಗಳಲ್ಲಿ ಮಾನಸಿಕ ಸ್ವಾಸ್ಥ್ಯದ ಪಾಠ, ಹೀಗೆ ವಾಯಿದೆಗಳನ್ನೂ ಅದರಲ್ಲಿ ಬರೆದಿದೆ. ಮೊದಲನೆಯ ವಾಯಿದೆ 2025ರ ನವೆಂಬರಿಗೆ ತೀರಿತು. ದೇಶದ ಒಟ್ಟು ಸಾವುಗಳಾದರೋ 2020ರಲ್ಲಿ 1,53,052 ಇದ್ದದ್ದು 2022ರಲ್ಲಿ 1,70,924ಕ್ಕೂ 2023ರಲ್ಲಿ 1,71,418ಕ್ಕೂ ಏರಿದವು. ಇಳಿಯಬೇಕಾದ ಏಣಿಯನ್ನು ನಾವು ಹತ್ತುತ್ತಿದ್ದೇವೆ.

ಕಾಯಿದೆಯಲ್ಲಿಯೂ ಬದಲಾವಣೆಯಾಗಿದೆ. ಹಳೆಯ ದಂಡಸಂಹಿತೆಯ 309ನೆಯ ಕಲಮು ಸಾಯಲು ಪ್ರಯತ್ನಿಸಿ ಬದುಕುಳಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸುತ್ತಿತ್ತು. ನೀರಿನಿಂದ ಎತ್ತಿದವನನ್ನು ಜೈಲಿಗೆ ನೂಕುವ ಈ ಬ್ರಿಟಿಷರ ಕಾನೂನು ನೂರೈವತ್ತು ವರ್ಷ ಬಾಳಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮು ಇದನ್ನು ತಿರುಗಿಸಿ ಹಾಕಿತು. ಪ್ರಯತ್ನಿಸಿದವನು ತೀವ್ರ ಸಂಕಟದಲ್ಲಿದ್ದನೆಂದು ಮೊದಲು ಭಾವಿಸತಕ್ಕದ್ದು, ಅವನನ್ನು ಶಿಕ್ಷಿಸತಕ್ಕದ್ದಲ್ಲ, ಅವನಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನೆಯ ಕಲಮು ಇಲ್ಲವೇ ಇಲ್ಲ. ಸರಕಾರಿ ನೌಕರನನ್ನು ಒತ್ತಾಯಿಸಲು ಹೀಗೆ ಮಾಡಿದರೆ ಶಿಕ್ಷೆ ಎಂಬ 226ನೆಯ ಕಲಮನ್ನು ಮಾತ್ರ ಸೇರಿಸಿದ್ದಾರೆ. ಇದನ್ನು ನಾಳೆ ಉಪವಾಸ ಕುಳಿತ ಕಾರ್ಮಿಕರ ಮೇಲೆ ಬಳಸದಂತೆ ನಾವು ಎಚ್ಚರವಾಗಿರಬೇಕು. ಆದರೆ ಇಷ್ಟೆಲ್ಲ ಆಗಿದ್ದರೂ ನಮ್ಮ ಜನರಲ್ಲಿ ಠಾಣೆಯ ಭಯ ಹೋಗಿಲ್ಲ. ಕೇಸಾಗುತ್ತದೆಂದು ಹೆದರಿ ಗಾಯಾಳುವನ್ನು ತಡವಾಗಿ ಆಸ್ಪತ್ರೆಗೆ ತರುವವರಿದ್ದಾರೆ. ಆಕಸ್ಮಿಕವೆಂದು ಸುಳ್ಳು ಹೇಳುವವರಿದ್ದಾರೆ. ಸತ್ತುಹೋದ ಕಾನೂನು ಇನ್ನೂ ಜೀವ ತೆಗೆಯುತ್ತಿದೆ. ಅದು ಸತ್ತಿದೆಯೆಂದು ಡಂಗುರ ಸಾರುವುದು ಯಾರ ಕೆಲಸ?

ಇಲ್ಲಿಯೇ ನಮ್ಮ ಮುಖ್ಯ ಪ್ರಶ್ನೆ ಬರುತ್ತದೆ. ಯೋಜನೆಗಳಿವೆ, ಕಾಯಿದೆಗಳಿವೆ, ದೂರವಾಣಿಯಿದೆ. ಇಲ್ಲದಿರುವುದು ಇವನ್ನೆಲ್ಲ ಒಂದು ಕೈಯಲ್ಲಿ ಹಿಡಿದಿರುವ, ಜನರಿಗೆ ಉತ್ತರ ಹೇಳಬೇಕಾದ ಒಬ್ಬ ಮನುಷ್ಯ. ಸಮನ್ವಯ ಎಂಬ ಪದವನ್ನು ಸರಕಾರ ತನ್ನ ಕಾಗದಗಳಲ್ಲಿ ಧಾರಾಳವಾಗಿ ಉಪಯೋಗಿಸುತ್ತದೆ. ಜಿಲ್ಲೆಯ ಮಟ್ಟಕ್ಕೆ ಇಳಿದು ನೋಡಿದರೆ ಕಾಣುವುದೇನು? ಸತ್ತವರ ಲೆಕ್ಕ ಪೊಲೀಸರ ಹತ್ತಿರ. ಬದುಕುಳಿದವರ ಲೆಕ್ಕ ಆಸ್ಪತ್ರೆಯ ಹತ್ತಿರ. ಸಾಲದ ದೂರು ಕಂದಾಯ ಮತ್ತು ಸಹಕಾರ ಇಲಾಖೆಗಳಲ್ಲಿ. ಕೀಟನಾಶಕ ಅಂಗಡಿಯ ಪರವಾನಗಿ ಕೃಷಿ ಇಲಾಖೆಯಲ್ಲಿ. ಕೂಲಿಯ ಬಾಕಿ ಕಾರ್ಮಿಕ ಇಲಾಖೆಯಲ್ಲಿ. ಪರೀಕ್ಷೆಯಲ್ಲಿ ಸೋತ ಮಕ್ಕಳ ಪಟ್ಟಿ ಶಿಕ್ಷಣ ಇಲಾಖೆಯಲ್ಲಿ. ಹೊಡೆತ ತಿಂದ ಹೆಂಗಸಿನ ಅರ್ಜಿ ಮಹಿಳಾ ಮತ್ತು ಮಕ್ಕಳ ಇಲಾಖೆಯಲ್ಲಿ. ಸಾರಾಯಿಯ ಲೈಸೆನ್ಸು ಅಬಕಾರಿಯಲ್ಲಿ. ಒಂದೇ ಜೀವದ ಎಂಟು ತುಂಡುಗಳು ಎಂಟು ಕಪಾಟಿನಲ್ಲಿವೆ.

ಒಬ್ಬ ಮಗ್ಗದ ಕೆಲಸಗಾರನನ್ನು ಊಹಿಸಿಕೊಳ್ಳಿ. ನೂಲಿನ ಬೆಲೆ ಏರಿ ಮಾಲೀಕನು ವಾರದಲ್ಲಿ ಮೂರು ದಿನ ಮಗ್ಗ ನಿಲ್ಲಿಸುತ್ತಾನೆ. ಮನೆಯಾಕೆ ಸಂಘದ ಮೂಲಕ ತಂದ ಸಾಲದ ಕಂತು ತಪ್ಪುತ್ತದೆ. ವಸೂಲಿಯವರು ಹೊಸ್ತಿಲಲ್ಲಿ ಕೂತು ಓಣಿಗೆಲ್ಲ ಕೇಳುವಂತೆ ಮಾತಾಡುತ್ತಾರೆ. ಆತ ಕುಡಿಯಲು ಹಿಡಿಯುತ್ತಾನೆ, ನಿದ್ದೆ ಬಿಡುತ್ತಾನೆ, ಒಂದು ರಾತ್ರಿ ತನ್ನ ಜೀವದ ಮೇಲೆ ಕೈಮಾಡಿಕೊಳ್ಳುತ್ತಾನೆ. ನೆರೆಯವರು ಆಸ್ಪತ್ರೆಗೆ ಒಯ್ಯುತ್ತಾರೆ. ವೈದ್ಯರು ಹೊಟ್ಟೆ ತೊಳೆದು ಪ್ರಾಣ ಉಳಿಸುತ್ತಾರೆ. ಅವರ ಕೆಲಸ ಮುಗಿಯಿತು. ಪೊಲೀಸರು ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ. ಅವರ ಕೆಲಸ ಮುಗಿಯಿತು. ನಾಲ್ಕನೆಯ ದಿನ ಹಾಸಿಗೆ ತೆರವು ಮಾಡಿಸಿ ಮನೆಗೆ ಕಳುಹಿಸುತ್ತಾರೆ. ಮನೆಯಲ್ಲಿ ಅದೇ ಸಾಲ, ಅದೇ ನಿಂತ ಮಗ್ಗ, ಅದೇ ಹೊಸ್ತಿಲು. ಅದರ ಮೇಲೆ ಈಗ ಊರಿನವರ ನಾಲಿಗೆ ಬೇರೆ. ಯಾವ ಇಲಾಖೆಯೂ ತಪ್ಪು ಮಾಡಲಿಲ್ಲ. ಪ್ರತಿಯೊಂದು ತನ್ನ ಕಾಗದವನ್ನು ಸರಿಯಾಗಿ ತುಂಬಿತು. ಆದರೂ ಅವನು ಒಬ್ಬನೇ ಉಳಿದ. ಒಮ್ಮೆ ಪ್ರಯತ್ನಿಸಿದವನೇ ಮತ್ತೆ ಅಪಾಯಕ್ಕೆ ಬೀಳುವ ಸಂಭವ ಎಲ್ಲರಿಗಿಂತ ಹೆಚ್ಚು ಎಂಬುದು ವೈದ್ಯಶಾಸ್ತ್ರ ಬಹಳ ಕಾಲದಿಂದ ಬಲ್ಲ ಸಂಗತಿ.

ಈ ನಾಲ್ಕನೆಯ ದಿನದ ನಂತರ ಮಾಡಬಹುದಾದದ್ದು ಏನೂ ಇಲ್ಲವೆ? ಇದೆ, ಅದೂ ಹೆಚ್ಚು ಖರ್ಚಿಲ್ಲದ್ದು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಐದು ಕಡೆಗಳಲ್ಲಿ, ನಮ್ಮ ಚೆನ್ನೈ ನಗರವೂ ಸೇರಿದಂತೆ, ಒಂದು ಪರೀಕ್ಷೆ ನಡೆಸಿ 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಪ್ರಯತ್ನದ ನಂತರ ಬದುಕುಳಿದು ಆಸ್ಪತ್ರೆಗೆ ಬಂದ 1,867 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಬಿಡುಗಡೆಯ ಸಮಯದಲ್ಲಿ ಒಂದು ಗಂಟೆ ಕುಳಿತು ಮಾತು. ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ದೂರವಾಣಿಯಲ್ಲಿಯೋ ಮನೆಗೆ ಹೋಗಿಯೋ ವಿಚಾರಣೆ: ಹೇಗಿದ್ದೀರಿ, ಏನಾದರೂ ಬೇಕೆ ಎಂದು. ಇಷ್ಟೇ. ಹದಿನೆಂಟು ತಿಂಗಳ ಕೊನೆಗೆ ಮೊದಲನೆಯ ಗುಂಪಿನಲ್ಲಿ 18 ಜನ ಆತ್ಮಹತ್ಯೆಯಿಂದ ತೀರಿಕೊಂಡಿದ್ದರು. ಎರಡನೆಯ ಗುಂಪಿನಲ್ಲಿ ಇಬ್ಬರು. ಒಂಬತ್ತು ಸಲ ಹೋಗಿ ಬಾಗಿಲು ತಟ್ಟಲು ಪರದೇಶದ ಯಂತ್ರ ಬೇಕಾಗಿಲ್ಲ. ಆಶಾ ಕಾರ್ಯಕರ್ತೆಯರಿದ್ದಾರೆ, ಜಿಲ್ಲಾ ಮಾನಸಿಕ ಆರೋಗ್ಯ ತಂಡವಿದೆ. ಬೇಕಾದದ್ದು ಆಸ್ಪತ್ರೆಯಿಂದ ಆ ತಂಡಕ್ಕೆ ಒಂದು ಚೀಟಿ ತಪ್ಪದೆ ಹೋಗುವ ಏರ್ಪಾಡು, ಮತ್ತು ಆ ಕೆಲಸಕ್ಕೆ ಕಾರ್ಯಕರ್ತೆಗೆ ನ್ಯಾಯವಾದ ಕೂಲಿ. ಬಿಟ್ಟಿ ದುಡಿಮೆಯಿಂದ ಜೀವ ಉಳಿಸುವ ಯೋಜನೆಯನ್ನು ನಾವು ಒಪ್ಪುವುದಿಲ್ಲ.

ಎರಡನೆಯ ಉದಾಹರಣೆ ಪಕ್ಕದ ಶ್ರೀಲಂಕೆಯದು. ಆ ದ್ವೀಪದಲ್ಲಿ ಒಂದು ಕಾಲಕ್ಕೆ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲಿಯೇ ಅತಿ ಹೆಚ್ಚಿನವುಗಳಲ್ಲಿ ಒಂದಾಗಿತ್ತು. ಅದರಲ್ಲಿ ಬಹುಪಾಲು ಕೀಟನಾಶಕದಿಂದ. 1995ರ ಹೊತ್ತಿಗೆ ಅಲ್ಲಿನ ಸರಕಾರ ಅತಿ ಘೋರ ವಿಷಗಳ ಆಮದು ಮಾರಾಟವನ್ನು ನಿಲ್ಲಿಸಿತು. 1998ರಲ್ಲಿ ಎಂಡೋಸಲ್ಫಾನನ್ನೂ, ಮುಂದೆ ಇನ್ನು ಕೆಲವನ್ನೂ ನಿಷೇಧಿಸಿತು. ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಶೇಕಡ 70ರಷ್ಟು ಇಳಿಯಿತು. ಈ ನಿಷೇಧಗಳಿಂದ ಭತ್ತದ ಇಳುವರಿ ಕುಗ್ಗಲಿಲ್ಲ. ಇದರ ಅರ್ಥ ಸರಳ. ಆ ಆವೇಶದ ಗಳಿಗೆ ಎಷ್ಟೋ ಜನರಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಆ ಗಳಿಗೆಯಲ್ಲಿ ಘೋರ ವಿಷ ಕೈಗೆಟುಕದಿದ್ದರೆ ಮನುಷ್ಯ ಉಳಿಯುತ್ತಾನೆ. ಉಳಿದವರಲ್ಲಿ ಹೆಚ್ಚಿನವರು ಮತ್ತೆ ಬಾಳುತ್ತಾರೆ. ಕೇರಳ 2011ರಲ್ಲಿ ಹಲವು ಕೀಟನಾಶಕಗಳನ್ನು ನಿಷೇಧಿಸಿತು. 1968ರ ಕೀಟನಾಶಕ ಕಾಯಿದೆ ರಾಜ್ಯ ಸರಕಾರಕ್ಕೆ 60 ದಿನಗಳ ಮಟ್ಟಿಗೆ ಮಾರಾಟ ತಡೆಯುವ ಅಧಿಕಾರವನ್ನು ಕೊಟ್ಟಿದೆ. 2023ರ ಆರಂಭದಲ್ಲಿ ತಮಿಳುನಾಡು ಈ ಅಧಿಕಾರವನ್ನು ಉಪಯೋಗಿಸಿತು. ಶಾಶ್ವತ ನಿಷೇಧ ಕೇಂದ್ರದ ಕೈಯಲ್ಲಿದೆ. ಅದನ್ನು ಗಟ್ಟಿಯಾಗಿ ಕೇಳುವ ಬಾಯಿ ವಿಧಾನಸೌಧಕ್ಕೆ ಇರಬೇಕು. ಇದು ಆರೋಗ್ಯ ಇಲಾಖೆಯೊಂದರಿಂದ ಆಗುವ ಕೆಲಸವಲ್ಲ. ಕೃಷಿ ಮಂತ್ರಿಗಳು ಇದು ತಮ್ಮ ಕೆಲಸವೆಂದು ಒಪ್ಪಿಕೊಂಡ ದಿನವೇ ಸಮನ್ವಯ ಆರಂಭವಾಯಿತೆಂದು ನಾವು ತಿಳಿಯುತ್ತೇವೆ.

ಮೂರನೆಯದು ಸಾಲ. 2025ರ ಜನವರಿಯಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಕಿರುಸಾಲದ ಕಂಪನಿಗಳ ಕಿರುಕುಳದ ಸುದ್ದಿ, ಊರು ಬಿಟ್ಟ ಕುಟುಂಬಗಳ ಸುದ್ದಿ, ಸಾವಿನ ಸುದ್ದಿ ಒಂದರ ಮೇಲೊಂದು ಬಂದಾಗ ಸರಕಾರ ಎಚ್ಚೆತ್ತಿತು. ಫೆಬ್ರುವರಿ 12ರಂದು ಸುಗ್ರೀವಾಜ್ಞೆ ಹೊರಟಿತು. ಮುಂದೆ ಅದೇ ಕಾಯಿದೆಯಾಯಿತು. ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ ಎಂದು ಅದರಲ್ಲಿದೆ. ಒಳ್ಳೆಯದೇ. ಆದರೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಅಭ್ಯಾಸ ನಮ್ಮ ಸರಕಾರಗಳಿಗೆ ಹಳೆಯದು. ರೈತರ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಆತ್ಮಹತ್ಯೆಯಾದ ಮೇಲೆ ಉಪವಿಭಾಗಾಧಿಕಾರಿಯ ಸಮಿತಿ ಕುಳಿತು ಪಹಣಿ ಯಾರ ಹೆಸರಿನಲ್ಲಿದೆ, ಸಾಲ ಬ್ಯಾಂಕಿನದೋ ಕೈಸಾಲವೋ ಎಂದು ಕಾಗದ ಕಾಗದವನ್ನೂ ಪರೀಕ್ಷಿಸುತ್ತದೆ, ಅರ್ಹವೆಂದಾದರೆ ಪರಿಹಾರ. ವಿಧವೆಗೂ ಮಕ್ಕಳಿಗೂ ಆ ಹಣ ಸಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಪ್ರಶ್ನೆ ಇಷ್ಟೆ: ಸತ್ತವನ ಸಾಲವನ್ನು ಅಷ್ಟು ಶ್ರದ್ಧೆಯಿಂದ ಲೆಕ್ಕ ಹಾಕಬಲ್ಲ ಸರಕಾರಕ್ಕೆ ಬದುಕಿರುವವನ ಸಾಲವನ್ನು ಕೂತು ಲೆಕ್ಕ ಹಾಕಿ, ಬಡ್ಡಿ ಇಳಿಸಿ, ಕಂತು ಮುಂದೆ ಹಾಕಿಸಿಕೊಡಲು ಏಕಾಗುವುದಿಲ್ಲ? ಅದೇ ಸಮಿತಿ, ಅದೇ ಮೇಜು, ಅದೇ ಅಧಿಕಾರಿ ಸಾಕು. ಮಗ್ಗದವನಿಗೂ ತಳ್ಳುಗಾಡಿಯವನಿಗೂ ಆ ಬಾಗಿಲು ತೆರೆದಿರಬೇಕು.

ನಾಲ್ಕನೆಯದು ಹೇಳಲು ಮಂತ್ರಿಗಳಿಗೆ ಮುಜುಗರವಾಗುವ ಮಾತು. ಕುಡಿತ ಆತ್ಮಹತ್ಯೆಯ ಅಪಾಯವನ್ನು ಹೆಚ್ಚಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ನಮ್ಮ ರಾಜ್ಯದ 2025–26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ ಬರಬೇಕಾದ ಹಣದ ಗುರಿ 40,000 ಕೋಟಿ ರೂಪಾಯಿ. ಒಂದು ಇಲಾಖೆಗೆ ಮಾರಾಟದ ಗುರಿ, ಇನ್ನೊಂದು ಇಲಾಖೆಗೆ ಸಾವು ತಡೆಯುವ ಗುರಿ. ಎರಡೂ ಇಲಾಖೆಗಳಿಗೆ ಒಂದೇ ಸರಕಾರ. ಪಾನನಿಷೇಧದ ವಾದವನ್ನು ಇಂದು ನಾವು ಎತ್ತುವುದಿಲ್ಲ. ಕಳ್ಳಭಟ್ಟಿಯ ಕಥೆ ನಮಗೂ ಗೊತ್ತು. ಆದರೆ ಕೂಲಿಯವನ ಜೇಬಿನಿಂದ ಬಂದ ಆ ಹಣದಲ್ಲಿ ರೂಪಾಯಿಗೆ ಒಂದು ಪೈಸೆಯನ್ನಾದರೂ ಮೀಸಲಿಟ್ಟರೆ 400 ಕೋಟಿ ರೂಪಾಯಿಯಾಗುತ್ತದೆ. ಅದರಿಂದ ಪ್ರತಿ ತಾಲ್ಲೂಕಿನಲ್ಲಿ ಕುಡಿತ ಬಿಡಿಸುವ ಚಿಕಿತ್ಸೆಯನ್ನೂ ಸಮಾಲೋಚಕರನ್ನೂ ಏರ್ಪಡಿಸಬಹುದು. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ, ಮನೋರೋಗಗಳ ಪೈಕಿ ಬೇರೆ ಬೇರೆ ಕಾಯಿಲೆಗಳಲ್ಲಿ ಶೇಕಡ 70ರಿಂದ 92 ಜನರಿಗೆ ಚಿಕಿತ್ಸೆಯೇ ಮುಟ್ಟುತ್ತಿಲ್ಲವೆಂದು ತೋರಿಸಿತು. ಹಣವಿಲ್ಲವೆಂಬ ನೆಪವನ್ನು ಅಬಕಾರಿಯ ಗುರಿ ಇಟ್ಟವರು ಹೇಳಬಾರದು.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಒಂದು: ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಕೈಕೆಳಗೆ, ಈ ಕೆಲಸಕ್ಕೇ ಮೀಸಲಾದ, ಹೆಸರು ಮತ್ತು ಕಚೇರಿ ಎಲ್ಲರಿಗೂ ತಿಳಿದಿರುವ ಒಬ್ಬ ಅಧಿಕಾರಿ ಇರಬೇಕು; ಮೇಲೆ ಹೇಳಿದ ಎಲ್ಲ ಇಲಾಖೆಗಳೂ ತಿಂಗಳಿಗೊಮ್ಮೆ ಅವರ ಮುಂದೆ ಕೂರಬೇಕು. ಎರಡು: ಹೆಸರು ವಿಳಾಸ ಬಿಟ್ಟು, ಸಾವು ಎಷ್ಟು, ಪ್ರಯತ್ನ ಎಷ್ಟು, ಅವರಲ್ಲಿ ಎಷ್ಟು ಜನರ ಮನೆಗೆ ಹೋಗಿ ವಿಚಾರಿಸಲಾಯಿತು ಎಂಬ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಮೂರು: ಬದುಕುಳಿದ ಪ್ರತಿಯೊಬ್ಬರಿಗೂ ಆಸ್ಪತ್ರೆ ಬಿಡುವ ಮೊದಲು ಮಾತು, ಬಿಟ್ಟ ಮೇಲೆ ಹದಿನೆಂಟು ತಿಂಗಳು ವಿಚಾರಣೆ ನಡೆಯಬೇಕು. ನಾಲ್ಕು: ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಖಾಲಿ ಹುದ್ದೆಗಳನ್ನು ತುಂಬಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧ ತಪ್ಪಬಾರದು. ಐದು: ಸಾಲದಲ್ಲಿ ಸಿಕ್ಕಿಕೊಂಡವರಿಗೆ ಉಪವಿಭಾಗ ಮಟ್ಟದಲ್ಲಿ ಬದುಕಿರುವಾಗಲೇ ಪರಿಹಾರ ಸಿಗಬೇಕು. ಆರು: ಆ ತಿಂಗಳ ಸಭೆಯಲ್ಲಿ ಕಾರ್ಮಿಕ ಸಂಘಗಳಿಗೂ ವರ್ತಕರ ಸಂಘಗಳಿಗೂ ಮಹಿಳಾ ಸಂಘಗಳಿಗೂ ಕುರ್ಚಿ ಇರಬೇಕು. ಸಾವು ನಮ್ಮ ಮನೆಗಳಲ್ಲಿ ಆಗುವಾಗ ಸಭೆ ನಮ್ಮನ್ನು ಬಿಟ್ಟು ನಡೆಯಕೂಡದು.

ಸರಕಾರಕ್ಕೆ ಇಷ್ಟು ಹೇಳಿದ ಮೇಲೆ ನಮಗೆ ನಾವೇ ಹೇಳಿಕೊಳ್ಳಬೇಕಾದದ್ದೂ ಇದೆ. ಬೋನಸ್ಸಿಗಾಗಿ ಗೇಟಿನ ಮುಂದೆ ಒಟ್ಟಾಗಿ ನಿಲ್ಲುವ ನಾವು, ಪಕ್ಕದ ಯಂತ್ರದವನು ಹದಿನೈದು ದಿನದಿಂದ ಮಾತು ಬಿಟ್ಟಿದ್ದಾನೆಂಬುದನ್ನು ಗಮನಿಸುತ್ತೇವೆಯೆ? ಅವನು ಊಟದ ಡಬ್ಬಿ ತೆರೆಯದೆ ಒಯ್ಯುತ್ತಿದ್ದಾನೆ, ತನ್ನ ಸಾಮಾನನ್ನು ಇವರಿಗೂ ಅವರಿಗೂ ಕೊಡುತ್ತಿದ್ದಾನೆ, ‘ನಾನಿದ್ದರೇನು ಹೋದರೇನು’ ಎನ್ನುತ್ತಿದ್ದಾನೆ. ಗಂಡಸಾದವನು ಅಳಬಾರದು ಎಂಬ ಮಾತನ್ನು ನಾವೇ ಅವನಿಗೆ ಕಲಿಸಿದ್ದೇವೆ. ಅಂಗಡಿಯವರಲ್ಲಿಯೂ ಇದೇ ಕಥೆ. ಸಗಟು ವ್ಯಾಪಾರಿಯ ಬಾಕಿ ಏರಿದೆಯೆಂದು ಹೊರಗೆ ತಿಳಿದರೆ ಉದ್ದರಿ ನಿಲ್ಲುತ್ತದೆಂದು ಹೆದರಿ, ನಗುಮುಖ ಹೊತ್ತು ಕೂತಿರುತ್ತಾರೆ. ಮಾನ ಹೋಗುತ್ತದೆಂಬ ಭಯ ಬಡವನಿಗೂ ಸಣ್ಣ ವ್ಯಾಪಾರಿಗೂ ಒಂದೇ.

ಸಾಯಬೇಕೆನಿಸುತ್ತಿದೆಯೆ ಎಂದು ಒಬ್ಬನನ್ನು ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆಂದು ಹಲವರು ಅಂಜುತ್ತಾರೆ. ಇದು ನಿಜವಲ್ಲವೆಂದು ತಿಳಿದವರೆಲ್ಲ ಹೇಳುತ್ತಾರೆ. ನೇರವಾಗಿ, ಪ್ರೀತಿಯಿಂದ ಕೇಳಿದರೆ ಹೊರೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಹೌದೆಂದರೆ ಬುದ್ಧಿ ಹೇಳಲು ಹೋಗಬೇಡಿ, ಪೂರ್ತಿ ಕೇಳಿಸಿಕೊಳ್ಳಿ. ಆ ರಾತ್ರಿ ಒಬ್ಬನನ್ನೇ ಬಿಡಬೇಡಿ. ಮನೆಯಲ್ಲಿರುವ ವಿಷದ ಡಬ್ಬಿಯನ್ನು ಕೈಗೆ ಸಿಗದಂತೆ ಮಾಡಿ. 14416ಕ್ಕೆ ಜೊತೆಯಲ್ಲಿಯೇ ಕೂತು ಕರೆ ಮಾಡಿ. ಬೆಳಗಾದ ಮೇಲೆ ಜೊತೆಯಲ್ಲಿಯೇ ಆಸ್ಪತ್ರೆಗೆ ನಡೆಯಿರಿ. ಅರ್ಧ ದಿನದ ಕೂಲಿ ಹೋದರೆ ಸಂಘದ ನಿಧಿಯಿಂದ ತುಂಬಿಕೊಡುವ ಠರಾವನ್ನು ಪ್ರತಿ ಕಾರ್ಮಿಕ ಸಂಘವೂ ಮಾಡಬೇಕು. ಕೀಟನಾಶಕ ಮಾರುವ ಅಂಗಡಿಯವರು, ವ್ಯವಸಾಯವಿಲ್ಲದ ಅಪರಿಚಿತನೊಬ್ಬ ಕಳೆಗುಂದಿದ ಮುಖ ಹೊತ್ತು ಬಂದರೆ, ‘ನಾಳೆ ಬಾರಪ್ಪ, ಕೂತು ಚಹಾ ಕುಡಿ’ ಎನ್ನುವಷ್ಟು ಮಾಡಿದರೂ ಒಂದು ಜೀವ ಉಳಿದೀತು.

ಪತ್ರಿಕೆಗಳೂ ನಿರ್ದೋಷಿಗಳಲ್ಲ. ಭಾರತದ ಪತ್ರಿಕಾ ಮಂಡಳಿ 2019ರಲ್ಲಿಯೇ ಈ ವಿಷಯಕ್ಕೆ ನಿಯಮಗಳನ್ನು ಹಾಕಿಕೊಟ್ಟಿದೆ: ಇಂಥ ಸುದ್ದಿಯನ್ನು ಎದ್ದುಕಾಣುವಂತೆ ಅಚ್ಚು ಹಾಕಬಾರದು, ವಿಧಾನವನ್ನು ವರ್ಣಿಸಬಾರದು, ಭಾವೋದ್ರೇಕದ ತಲೆಬರಹ ಕೊಡಬಾರದು, ಚಿತ್ರಗಳನ್ನು ಹಾಕಬಾರದು. ಶೋಷಣೆಯನ್ನು ಬಯಲಿಗೆಳೆಯುವ ಉತ್ಸಾಹದಲ್ಲಿ ಈ ಪತ್ರಿಕೆಯೂ ಒಂದೊಂದು ಸಲ ಈ ಎಲ್ಲೆಯನ್ನು ಮೀರಿದೆಯೆಂದು ಒಪ್ಪಿಕೊಳ್ಳಬೇಕು. ಹೀಗೆ ಬರೆದ ಸುದ್ದಿಯನ್ನು ಓದಿ ಅದೇ ಸಂಕಟದಲ್ಲಿರುವ ಇನ್ನೊಬ್ಬನು ಅದೇ ದಾರಿ ಹಿಡಿಯುವ ಅಪಾಯವಿದೆ. ಸಾಲ ವಸೂಲಿಯವರ ಅನ್ಯಾಯವನ್ನು ನಾವು ಮುಂದೆಯೂ ಬರೆಯುತ್ತೇವೆ. ಸಾವಿನ ವಿವರವನ್ನು ಬರೆಯುವುದಿಲ್ಲ. ಅದರ ಬದಲು ಸಹಾಯ ಎಲ್ಲಿ ಸಿಗುತ್ತದೆಂಬುದನ್ನು ಅಚ್ಚು ಹಾಕುತ್ತೇವೆ.

ಓದುತ್ತಿರುವ ನಿಮ್ಮಲ್ಲಿಯೇ ಯಾರಾದರೂ ಈ ಹೊತ್ತು ಅಂಥ ಕತ್ತಲಲ್ಲಿ ಇರಬಹುದು. ಅವರಿಗೆ ಒಂದು ಮಾತು. ನಿಮ್ಮ ಸಾಲಕ್ಕೆ ಪರಿಹಾರವಿದೆ, ನಿಮ್ಮ ಕಾಯಿಲೆಗೆ ಔಷಧವಿದೆ, ಹೇಳಿಕೊಂಡರೆ ನಿಮ್ಮ ಮೇಲೆ ಕೇಸು ಹಾಕುವ ಕಾನೂನು ಈಗ ಇಲ್ಲ. ಇಂದೇ ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಿ. ಮನೆಯವರ ಹತ್ತಿರ ಆಗದಿದ್ದರೆ ಸಂಘದ ಕಾರ್ಯದರ್ಶಿಯ ಹತ್ತಿರ, ಅದೂ ಆಗದಿದ್ದರೆ ಮೇಲೆ ಕೊಟ್ಟ ಸಂಖ್ಯೆಗೆ. ನಿಮ್ಮ ಅಗತ್ಯ ನಮಗಿದೆ. ಮುಂದಿನ ಹೋರಾಟಕ್ಕೆ ಮಾತ್ರವಲ್ಲ, ನಾಳೆ ಬೆಳಗಿನ ಚಹಾಕ್ಕೂ.

ಉಳಿದ ನಾವೆಲ್ಲ ಜಿಲ್ಲಾಧಿಕಾರಿಯವರ ಕಚೇರಿಗೆ ಹೋಗಿ ಒಂದೇ ಒಂದು ಪ್ರಶ್ನೆಯನ್ನು ಕೇಳೋಣ: ಈ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಬದುಕಿ ಮನೆಗೆ ಹೋದವರ ಬಾಗಿಲನ್ನು ತಟ್ಟುವ ಹೊಣೆ ಯಾರದು, ಅವರ ಹೆಸರೇನು? ಉತ್ತರವಾಗಿ ಒಂದು ಸಮಿತಿಯ ಹೆಸರು ಬಂದರೆ ಹಿಂತಿರುಗಬಾರದು. ಒಬ್ಬ ಅಧಿಕಾರಿಯ ಹೆಸರು ಬರುವ ತನಕ ಕೇಳುತ್ತಲೇ ಇರೋಣ.